ಅಟ್ಟದ ಕೊಬ್ಬರಿ, ಅಂಗಳದ ಜಗಳ

ತಿಪಟೂರಿನಿಂದ ಚಿಕ್ಕನಾಯಕನಹಳ್ಳಿ ಕಡೆ ಒಮ್ಮೆ ಬನ್ನಿ ಅಕ್ಕಂದಿರೇ, ದಾರಿಯುದ್ದಕ್ಕೂ ತೆಂಗೇ ತೆಂಗು! ಅಟ್ಟದ ಮೇಲೆ 10-11 ತಿಂಗಳು ಕೂತ ಕಾಯಿ ಉಂಡೆ ಕೊಬ್ಬರಿಯಾಗುತ್ತೆ. ಅದನ್ನು ಸುಲಿಯೋಕೆ ಕೂತರೆ ನಮ್ಮನೆಯಲ್ಲಿ ಹಾಡಿನ ಜಗಳ ಶುರು.

ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಕಂಠವೇ ಸರಿ ಅಂತ ಇವರು. 1974ರ ‘ಸಂಪತ್ತಿಗೆ ಸವಾಲ್’ನಿಂದೀಚೆಗೆ ಅಣ್ಣಾವ್ರೇ ಹಾಡಿದ್ದು ಚೆನ್ನ ಅಂತ ನಾನು.

“ಎಳನೀರು ಬಿಟ್ಟು ಕೊಬ್ಬರಿ ಹಿಡಿದೆಯಲ್ಲೇ!”

“ಮನೆ ನಡೆಯೋದು ಕೊಬ್ಬರಿಯಿಂದಲೇ ರೀ!”

ಹೋದ ವರ್ಷ ಇವರು ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ರಾತ್ರಿ ಮಗ ಅಲ್ಲಿ, ನಾನಿಲ್ಲಿ. ಮನೆ ಬಿಕೋ ಅಂತಿತ್ತು. ಒಬ್ಬಳೇ ಕೊಬ್ಬರಿ ಸುಲಿಯುತ್ತಾ ಶ್ರೀನಿವಾಸರ ಹಾಡನ್ನೇ ಹಾಕಿಕೊಂಡೆ. ಕಣ್ಣು ಮಂಜಾಯಿತು.

ಈಗ ಇವರು ಗುಣವಾಗಿದ್ದಾರೆ, ಜಗಳವೂ ಮತ್ತೆ ಶುರುವಾಗಿದೆ. ಆ ರಾತ್ರಿಯ ವಿಷಯ ಮಾತ್ರ ಇವರಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ!