ಉಳಿಯೋದು ಯಾವುದು: 350 ಅಥವಾ 650?

ನಮ್ಮ ಅಂಗಳದಲ್ಲಿ ಈಗ ಎರಡು ರಾಯಲ್ ಎನ್‌ಫೀಲ್ಡ್ ಕ್ರೂಸರ್ ನಿಂತಿವೆ: ಮೀಟಿಯರ್ 350, ಸೂಪರ್ ಮೀಟಿಯರ್ 650. ಎರಡರ ಇನ್ಶೂರೆನ್ಸು, ಸರ್ವೀಸು ಒಂದು ಸಂಬಳಕ್ಕೆ ಭಾರ. ಒಂದನ್ನು ಮಾರಲೇಬೇಕು.

ಯಾದಗಿರಿಯಿಂದ ಭೀಮಾ ದಾಟಿ ಶಹಾಪುರ, ಅಲ್ಲಿಂದ ಸುರಪುರ. ಕೆಲಸಕ್ಕೆ ನನ್ನ ದಾರಿ ಇದೇ. ಖಾಲಿ ರಸ್ತೆ ಸಿಕ್ಕರೆ 650ರ ಸುಖವೇ ಬೇರೆ. ಜೋಡಿ ಸಿಲಿಂಡರ್, 47 ಪಿಎಸ್. ಹತ್ತಿ ಹೇರಿದ ಟ್ರ್ಯಾಕ್ಟರ್ ದಾಟಲು ಗೇರ್ ಇಳಿಸುವ ಮಾತೇ ಇಲ್ಲ. 350ರದ್ದು ಬರೀ 20 ಪಿಎಸ್. ಗೇರ್ ಇಳಿಸಿ, ಎದುರು ನೋಡಿ, ಕಾಯಬೇಕು.

ಊರೊಳಗೆ ಬಂದರೆ ಲೆಕ್ಕ ತಿರುಗುತ್ತದೆ. 650ರ ತೂಕ 241 ಕಿಲೋ, 350ಕ್ಕಿಂತ 50 ಕಿಲೋ ಜಾಸ್ತಿ. ನೆಲದಿಂದ ಅದರ ಎತ್ತರ 135 ಮಿ.ಮೀ., 350ಕ್ಕೆ 170. ಇಬ್ಬರು ಕೂತರೆ ಎತ್ತರದ ಹಂಪಿಗೆ ದೊಡ್ಡದರ ಹೊಟ್ಟೆ ತಾಗುತ್ತದೆ. ಟ್ಯಾಂಕ್ ಎರಡಕ್ಕೂ ಹೆಚ್ಚುಕಮ್ಮಿ 15 ಲೀಟರ್. ನನ್ನ ಕೈಯಲ್ಲಿ ಲೀಟರಿಗೆ ಚಿಕ್ಕದು 35 ಕಿ.ಮೀ. ಕೊಟ್ಟರೆ ದೊಡ್ಡದು 24.

ಆದರೆ ತೀರ್ಮಾನ ಮಾಡಿಸಿದ್ದು ಈ ಅಂಕಿಗಳಲ್ಲ. 350 ಅನ್ನು ಅಪ್ಪ ಹೊಲಕ್ಕೆ ಒಯ್ಯುತ್ತಾರೆ. ಹೋದ ಮಳೆಗಾಲದಲ್ಲಿ ಅವ್ವನಿಗೆ ಜೋರು ಜ್ವರ ಬಂದ ರಾತ್ರಿ ನಾನು ಊರಲ್ಲಿರಲಿಲ್ಲ. ತಂಗಿ ಅದರ ಮೇಲೆಯೇ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಆ ರಾತ್ರಿ 650 ಕೂಡ ಪಕ್ಕದಲ್ಲೇ ನಿಂತಿತ್ತು. ಅದನ್ನು ಅಂಗಳದಿಂದ ಹಿಂದಕ್ಕೆ ಸರಿಸಲು ಮನೆಯಲ್ಲಿ ನನ್ನ ಬಿಟ್ಟು ಬೇರೆಯವರಿಗೆ ಆಗುವುದಿಲ್ಲ.

"ತಮ್ಮಾ, ದೊಡ್ಡದು ಛಲೋ ಅದ. ಆದ್ರ ಅದು ನಿಂದಷ್ಟೇ ಅದ," ಅಂದರು ಅಪ್ಪ.

ವಾರಕ್ಕೆರಡು ಸಲ ಹೆದ್ದಾರಿಯಲ್ಲಿ ದೂರ ಹೋಗುವವರು ಕಣ್ಣುಮುಚ್ಚಿ 650 ತಗೊಳ್ಳಿ. ನಮ್ಮನೆಯಲ್ಲಿ 350 ಉಳಿಯುತ್ತದೆ.