ಎಣ್ಣೆಯ ಒತ್ತಕ್ಷರ

‘ಒಂದು ಲೋಗೋಗೆ ಎಷ್ಟು ತಗೋತೀರಾ?’

ಫ್ರೀಲಾನ್ಸ್ ಡಿಸೈನರ್ ಅಂತ ಹೇಳಿಕೊಂಡ ತಕ್ಷಣ ಎದುರಿನವರು ಕೇಳುವ ಮೊದಲ ಪ್ರಶ್ನೆ ಇದು. ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರು ನಾನು ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಕೇಳಿದ್ದಾರೆ. ಸ್ವಲ್ಪ ಓದಿಕೊಂಡವರಾದರೆ ನೈಕಿ ಕಥೆ ಎತ್ತುತ್ತಾರೆ. 1971ರಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಅನ್ನೋ ವಿದ್ಯಾರ್ಥಿನಿ ಬರೀ 35 ಡಾಲರಿಗೆ ಆ ಗುರುತು ಮಾಡಿಕೊಟ್ಟಳಲ್ಲ, ನಿಮ್ಮದೇನು ಅಂತ. ನಾನೂ ಸುಮ್ಮನಿರೋಲ್ಲ. 1986ರಲ್ಲಿ ಸ್ಟೀವ್ ಜಾಬ್ಸ್ ತನ್ನ ನೆಕ್ಸ್ಟ್ ಕಂಪನಿಯ ಲೋಗೋಗೆ ಪಾಲ್ ರ‍್ಯಾಂಡ್‌ಗೆ ಕೊಟ್ಟಿದ್ದು 1 ಲಕ್ಷ ಡಾಲರ್, ಆತ ತೋರಿಸಿದ್ದು ಒಂದೇ ಒಂದು ಆಯ್ಕೆ ಅಂತೀನಿ. ಎರಡೂ ನಿಜವೇ. ನನ್ನ ರೇಟು ಈ ಎರಡರ ಮಧ್ಯೆ ಎಲ್ಲೋ ಇದೆ, ನೈಕಿ ಕಡೆಗೇ ಸ್ವಲ್ಪ ಜಾಸ್ತಿ ವಾಲಿಕೊಂಡು.

ಎಷ್ಟು ಅನ್ನೋದನ್ನ ಹೇಳೋದು ಸುಲಭ, ಯಾವುದಕ್ಕೆ ಅಂತ ಹೇಳೋದೇ ಕಷ್ಟ. ಕಂಪ್ಯೂಟರ್ ಮುಂದೆ ಕೂತು ಗೆರೆ ಎಳೆಯೋ ಹೊತ್ತು ಇಡೀ ಕೆಲಸದಲ್ಲಿ ಕಾಲು ಭಾಗವೂ ಇರೋಲ್ಲ. ಉಳಿದಿದ್ದೆಲ್ಲ ಕೇಳೋದು, ಓಡಾಡೋದು, ಫೋಟೋ ತೆಗೆಯೋದು, ಪೆನ್ಸಿಲಿನಲ್ಲಿ ಗೀಚಿ ಹರಿಯೋದು. ಹೊಸ ಕ್ಲೈಂಟಿಗೆ ನಾನು ಕಳಿಸೋ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ನಿಮ್ಮ ಅಂಗಡಿ ನಾಳೆ ಬಾಗಿಲು ತೆಗೆಯದಿದ್ದರೆ ಮೊದಲು ಯಾರಿಗೆ ಗೊತ್ತಾಗುತ್ತೆ? ಇದಕ್ಕೆ ಬರೋ ಉತ್ತರದಲ್ಲಿ ಅರ್ಧ ಲೋಗೋ ಇರುತ್ತೆ. ಉತ್ತರವೇ ಬರದಿದ್ದರೆ ಆ ಕೆಲಸ ಕಷ್ಟದ್ದು ಅಂತ ಲೆಕ್ಕ.

ಒಂದು ಎಣ್ಣೆಯ ಕೆಲಸದ ಕಥೆ ಹೇಳ್ತೀನಿ. ಹೆಸರು ಹೇಳೋ ಹಾಗಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದ್ದೀನಿ. ಊರು ಚಳ್ಳಕೆರೆ. ಒಂದು ಕಾಲಕ್ಕೆ ಶೇಂಗಾ ಎಣ್ಣೆಯ ಮಿಲ್ಲುಗಳಿಂದಲೇ ಹೆಸರಾಗಿದ್ದ ಊರು. ಅಲ್ಲಿ ಒಂದು ಸಣ್ಣ ಮಿಲ್ಲು, ಪಕ್ಕದಲ್ಲೇ ಅಂಗಡಿ. ಯಜಮಾನರ ಮಗಳು ಬೆಂಗಳೂರಿನ ಐಟಿ ಕೆಲಸ ಬಿಟ್ಟು, ಅಪ್ಪನ ಎಣ್ಣೆಯನ್ನ ಬಾಟಲಿಗೆ ತುಂಬಿ ಇಲ್ಲಿನ ಅಪಾರ್ಟ್‌ಮೆಂಟುಗಳಿಗೆ ಮಾರಬೇಕು ಅಂತ ಹೊರಟಿದ್ದಳು. ನನ್ನ ಪ್ರಶ್ನೆಗೆ ಅವಳು ಬರೆದ ಉತ್ತರ: ‘ದನಗಳಿಗೆ. ಹಿಂಡಿ ತಗೊಂಡು ಹೋಗೋರು ಬೆಳಗ್ಗೆ 7ಕ್ಕೇ ಬಂದು ನಿಂತಿರ್ತಾರೆ.’ ಓದಿದ ಕೂಡಲೇ ಈ ಕೆಲಸ ನಂದೇ ಅನ್ನಿಸಿತು.

ಆದರೆ ಉತ್ತರದ ಜೊತೆ ಅವಳು ಕಳಿಸಿದ್ದ ಮೂಡ್‌ಬೋರ್ಡ್ ನೋಡಬೇಕಿತ್ತು. ನಿಮಗೂ ಗೊತ್ತಿರೋದೇ. ಮಣ್ಣು ಬಣ್ಣದ ಹಿನ್ನೆಲೆ, ಒಂದು ಎಲೆ, ಕಾಣೋ ಹಾಗೂ ಇಲ್ಲದ ಹಾಗೂ ಇರೋ ಸಣಕಲು ಇಂಗ್ಲಿಷ್ ಅಕ್ಷರ. ಸೋಪು, ಜೇನುತುಪ್ಪ, ಮಕ್ಕಳ ಬಟ್ಟೆ, ನಾಯಿ ಬಿಸ್ಕತ್ತು ಎಲ್ಲವೂ ಈಗ ಇದೇ ವೇಷದಲ್ಲಿ ಬರುತ್ತೆ. ‘ಪ್ರೀಮಿಯಂ ಆಗಿ ಕಾಣಬೇಕು’ ಅಂದಳು. ಹಗುರಾಗಿ ಹೇಳಿದ ಮಾತಲ್ಲ ಅದು. ಅವಳು ಇದಕ್ಕೆ ಹಾಕ್ತಿದ್ದಿದ್ದು ತನ್ನ 11 ತಿಂಗಳ ಉಳಿತಾಯ.

ನಾನು ಫೋನಿನಲ್ಲಿ ವಾದ ಮಾಡೋಲ್ಲ, ಬಸ್ ಹತ್ತುತ್ತೀನಿ. ಇಬ್ಬರೂ ಹೋದೆವು. ತುಮಕೂರು, ಶಿರಾ ದಾಟಿ, ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟ ಮೇಲೆ ಬಯಲು ಶುರುವಾಗುತ್ತೆ. ಮಿಲ್ಲು ಕಣ್ಣಿಗೆ ಬೀಳೋ ಮೊದಲೇ ಮೂಗಿಗೆ ಬಿತ್ತು. ಹುರಿದ ಶೇಂಗಾದ ವಾಸನೆ ಅಂದುಕೊಳ್ಳಬೇಡಿ, ಇದು ಹಸಿ, ಭಾರ, ಬಟ್ಟೆಗೆ ಅಂಟಿಕೊಳ್ಳೋ ವಾಸನೆ.

ಯಜಮಾನರು ಟೀ ತರಿಸಿದರು. ಮಗಳು ಮೂಡ್‌ಬೋರ್ಡಿನ ಪ್ರಿಂಟ್ ತೆಗೆದು ಕೈಗೆ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತಿರುಗಿಸಿ ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, ‘ಇದ್ರಾಗೆ ನಮ್ಮ ಹೆಸ್ರು ಎಲ್ಲೈತಮ್ಮ?’ ಅಂದರು.

‘ಅಪ್ಪಾ, ಅದು ಬರೀ ಸ್ಯಾಂಪಲ್ಲು’ ಅಂದಳು ಮಗಳು. ಅವರಿಗೆ ಇಂಗ್ಲಿಷ್ ಓದೋಕೆ ಬರೋಲ್ಲ ಅನ್ನೋದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತನ್ನ ಎಣ್ಣೆಯ ಬಾಟಲಿಯನ್ನ ತಾನೇ ಓದೋಕಾಗದೆ ಅಪ್ಪ ಕೂತಿರ್ತಾರೆ ಅನ್ನೋದು ಮಾತ್ರ ಆ ಗಳಿಗೆಯವರೆಗೆ ಅವಳ ಕಣ್ಣಿಗೆ ಕಟ್ಟಿರಲಿಲ್ಲ ಅನ್ಸುತ್ತೆ. ಟೀ ಲೋಟ ಇಟ್ಟು ಎದ್ದು ಹೊರಗೆ ಹೋದಳು.

ಹೊರಗೆ ಅಂಗಡಿಯ ಬೋರ್ಡಿತ್ತು. ನೀಲಿ ಎನಾಮಲ್ ಬಣ್ಣ, ಹಳದಿ ಅಕ್ಷರ. ಮೇಲೆ ಅಂಗಡಿಯ ಹೆಸರು ಚಿಕ್ಕದಾಗಿ, ಕೆಳಗೆ ಇಡೀ ಬೋರ್ಡು ತುಂಬುವ ಹಾಗೆ ಒಂದೇ ಪದ: ಎಣ್ಣೆ. ಮೂಲೆಯಲ್ಲಿ, ಬರೆದವರ ‘ಆರ್ಟ್ಸ್’ ಸಹಿ.

ಇಲ್ಲಿ ಸ್ವಲ್ಪ ಅಕ್ಷರದ ವಿಷಯ ಮಾತಾಡ್ತೀನಿ, ಸಹಿಸಿಕೊಳ್ಳಿ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಶಿಸ್ತಾಗಿ ನಿಂತಿರುತ್ತವೆ. ನಮ್ಮ ಅಕ್ಷರ ಹಾಗಲ್ಲ. ಮೇಲೆ ತಲೆಕಟ್ಟು, ಪಕ್ಕಕ್ಕೆ ಚಾಚೋ ಕೊಂಬು, ದೀರ್ಘ, ಕೆಳಗೆ ನೇತಾಡೋ ಒತ್ತು. ಲೋಗೋವನ್ನ ಇಂಗ್ಲಿಷಿನಲ್ಲಿ ಮಾಡಿ ಮುಗಿಸಿ ಕೊನೆಗೆ ‘ಕನ್ನಡ ವರ್ಷನ್’ ಮಾಡಲು ಹೋದರೆ ಅಷ್ಟೇ ಎತ್ತರದಲ್ಲಿ ಇದೆಲ್ಲ ಹಿಡಿಸೋಲ್ಲ. ಆಗ ಏನು ಮಾಡ್ತಾರೆ? ಕನ್ನಡವನ್ನ ಕುಗ್ಗಿಸ್ತಾರೆ. ಅಂಗಡಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗ ನನಗೆ ಬಂದ ಫೋನುಗಳೆಲ್ಲ ಇಂಥವೇ. ‘ಅರ್ಜೆಂಟ್, ಕನ್ನಡ ವರ್ಷನ್ ಬೇಕು, ನಾಳೆಯೊಳಗೆ.’ ನಾಳೆಯೊಳಗೆ ಬೇಕಾದವರಿಗೆಲ್ಲ ಬಲೂ ತಮ್ಮನೇ ಗತಿ. ಮುಂಬೈನ ಎಕ್ ಟೈಪ್‌ನವರು ಮಾಡಿದ ಉಚಿತ ಫಾಂಟ್ ಅದು, ಗುಂಡುಗುಂಡಗೆ ಮುದ್ದಾಗಿದೆ. ಹಿಂದಿ ಬಿಟ್ಟು ಬೇರೆ ಭಾಷೆಗಳಲ್ಲಿ ಅದಕ್ಕೆ ತಂಬಿ, ಚೇಟ್ಟನ್, ಭಾಯ್ ಅಂತ ಅಣ್ಣತಮ್ಮಂದಿರ ಹೆಸರುಗಳೇ ಇವೆ. ಅದರ ತಪ್ಪೇನಿಲ್ಲ ಪಾಪ, ಆದರೆ ಒಂದೇ ರಸ್ತೆಯಲ್ಲಿ ಬೇಕರಿ, ಬ್ಯಾಂಕು, ಆಸ್ಪತ್ರೆ ಮೂರೂ ಒಂದೇ ದನಿಯಲ್ಲಿ ಮಾತಾಡಿದರೆ ಹೇಗೆ?

ಇದು ಬೋರ್ಡಿನ ಕಾಯ್ದೆ. ಬಾಟಲಿಯ ಕಥೆ ಬೇರೆ. ಆಹಾರದ ಪ್ಯಾಕಿನ ಮೇಲೆ ಕಡ್ಡಾಯ ಮಾಹಿತಿ ಇಂಗ್ಲಿಷಿನಲ್ಲಿ ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು ಅನ್ನುತ್ತೆ ಎಫ್‌ಎಸ್‌ಎಸ್‌ಎಐ ನಿಯಮ. ಬೇರೆ ಭಾಷೆ ಜೊತೆಗೆ ಬೇಕಿದ್ದರೆ ಹಾಕ್ಕೊಳ್ಳಿ ಅಂತ. ಅಂದರೆ ಆ ನಿಯಮದ ಮಟ್ಟಿಗೆ, ಚಳ್ಳಕೆರೆಯ ಎಣ್ಣೆ ಬಾಟಲಿಯ ಮೇಲೆ ಕನ್ನಡ ಬರಬೇಕಾದರೆ ಅದು ಯಾರಿಗಾದರೂ ಬೇಕು ಅನ್ನಿಸಿಯೇ ಬರಬೇಕು.

ಆ ಬೋರ್ಡಿನ ‘ಣ್ಣೆ’ ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ. ಫಾಂಟುಗಳಲ್ಲಿ ಒತ್ತು ಅನ್ನೋದು ಕೆಳಗೆ ತೂರಿಸಿದ ಪುಟ್ಟ ಮರಿ. ಇಲ್ಲಿ ಒತ್ತಿನ ದಪ್ಪ ಮೇಲಿನ ಅಕ್ಷರದಷ್ಟೇ ಇತ್ತು, ಬಲಕ್ಕೆ ಹರಡಿ ಇಡೀ ಪದವನ್ನ ಹೊತ್ತುಕೊಂಡು ಕೂತ ಹಾಗಿತ್ತು. ಎಣ್ಣೆ ಅಂದ ಕೂಡಲೇ ಎಲ್ಲರೂ ಒಂದು ಹನಿ ಬರೆಯೋಕೆ ಹೊರಡ್ತಾರೆ. ಮಾರ್ಕೆಟ್ಟಿನಲ್ಲಿ ಎಷ್ಟು ಎಣ್ಣೆಯಿದೆಯೋ ಅಷ್ಟು ಹನಿಗಳಿವೆ. ಇಲ್ಲಿ ಹನಿ ಬೇಡವೇ ಬೇಡ, ಈ ಒತ್ತೇ ಸಾಕು ಅಂತ ಅಲ್ಲೇ ತೀರ್ಮಾನವಾಯಿತು.

ಆದರೆ ಅದು ನನ್ನ ಅಕ್ಷರವಲ್ಲವಲ್ಲ. ಫೋಟೋ ತೆಗೆದು, ಬೆಂಗಳೂರಿಗೆ ಬಂದು ಟ್ರೇಸ್ ಮಾಡಿ ‘ಸ್ಥಳೀಯ ಸೊಗಡಿನಿಂದ ಪ್ರೇರಿತ’ ಅಂತ ಪೋರ್ಟ್‌ಫೋಲಿಯೋದಲ್ಲಿ ಹಾಕಿಕೊಳ್ಳೋರು ಬಹಳ ಜನ ಇದ್ದಾರೆ. ನನಗೆ ಅದು ಕಳ್ಳತನ ಅನ್ಸುತ್ತೆ. ಬರೆದವರು ಎಲ್ಲಿ ಅಂತ ಯಜಮಾನರನ್ನ ಕೇಳಿದೆ. ಎರಡು ಬೀದಿ ಆಚೆಗೆ, ಈಗ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದರು. ಹುಟ್ಟುಹಬ್ಬದ ಶುಭಾಶಯ ಕೋರುವ ಯಾರದೋ ನಗುಮುಖ ಮೆಷಿನ್ನಿನಿಂದ ಇಂಚಿಂಚಾಗಿ ಇಳೀತಾ ಇತ್ತು. ವಿಷಯ ಹೇಳಿದೆ. ಮೊದಲು ನಂಬಲಿಲ್ಲ. ‘ಕೊರೆಲ್‌ನಾಗೆ ಹಾಕ್ಕೊಡ್ತೀನಿ ಬಿಡ್ರಿ ಮೇಡಂ, ನುಡಿನಾಗೆ ಬೇಕಾದಷ್ಟು ಐತೆ’ ಅಂದರು. ಬ್ರಶ್ಶಿನಲ್ಲೇ ಬೇಕು, ದುಡ್ಡು ಕೊಡ್ತೀವಿ ಅಂದ ಮೇಲೆ ಹಳೇ ಡಬ್ಬ ಹುಡುಕಿ ತೆಗೆದರು.

ನ್ಯೂಸ್‌ಪೇಪರ್ ಹಾಸಿ ಮೂರು ಗೆರೆ ಎಳೆದರು. ಎರಡು ಗೊತ್ತಾಯಿತು, ತಲೆಗೊಂದು, ಪಾದಕ್ಕೊಂದು. ಮೂರನೆಯದು ಯಾಕೆ ಅಂದೆ. ‘ಒತ್ತಿಗೆ. ಒತ್ತಿಗೆ ಜಾಗ ಬಿಟ್ಟು ಮ್ಯಾಲಿನ ಅಕ್ಷರ ಹಾಕ್ಬೇಕು ಮೇಡಂ. ಮ್ಯಾಲಿಂದು ಬರ್ದು ಆಮೇಲೆ ಜಾಗ ಹುಡುಕಿದ್ರೆ ಅದು ಒತ್ತಾಗಲ್ಲ, ಬಾಲ ಆಗುತ್ತೆ.’ ನಾನು ಇಷ್ಟು ವರ್ಷ ಕ್ಲೈಂಟುಗಳಿಗೆ ಸ್ಲೈಡ್ ಮೇಲೆ ಸ್ಲೈಡ್ ಹಾಕಿ ಹೇಳೋಕೆ ಒದ್ದಾಡ್ತಿದ್ದಿದ್ದನ್ನ ಈ ಮನುಷ್ಯ ಬ್ರಶ್ ಅದ್ದುತ್ತಾ ಹೇಳಿಬಿಟ್ಟರು. ಎಂಟು ‘ಎಣ್ಣೆ’ ಬರೆದರು. ಐದನೆಯದರಲ್ಲಿ ಕೈ ಪಳಗಿತು, ಏಳನೆಯದು ನಮಗೆ ಬೇಕಾದದ್ದು. ಕೊಟೇಶನ್ನಿನಲ್ಲಿ ‘ಅಕ್ಷರ ಬರಹ’ ಅಂತ ಬೇರೆ ಸಾಲು ಸೇರಿಸಿದೆ, ಆ ದುಡ್ಡು ನೇರ ಅವರಿಗೆ. ಅಕ್ಷರ ಬಳಸಿಕೊಳ್ಳೋಕೆ ಒಪ್ಪಿಗೆ ಅಂತ ಒಂದು ಪುಟದ ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡೆ. ಬೋರ್ಡಿನ ಮೂಲೆಯಲ್ಲಿ ಹಾಕ್ತಿದ್ದ ಅದೇ ಸಹಿ.

ಆಮೇಲಿನ ಕೆಲಸ ಎಲ್ಲ ಡಿಸೈನರುಗಳೂ ಮಾಡೋದೇ. ಬರೀ ಕಪ್ಪು-ಬಿಳುಪಿನಲ್ಲಿ ನಿಲ್ಲುತ್ತಾ ನೋಡೋದು, ಒಂದು ಸೆಂಟಿಮೀಟರಿಗೆ ಕುಗ್ಗಿಸೋದು, ವಾಟ್ಸಾಪ್ ಡಿಪಿಯ ವೃತ್ತದಲ್ಲಿ ಇಡೋದು, ಗೋಡೆಗೆ ಅಂಟಿಸಿ ಹತ್ತು ಅಡಿ ಹಿಂದೆ ಹೋಗೋದು. ಬಣ್ಣ ಒಂದೇ, ಹಿಂಡಿಯ ಕಂದು. ಎಣ್ಣೆಯೇ ಹಳದಿ ಇರುವಾಗ ಲೇಬಲ್ಲಿಗೆ ಮತ್ತೆ ಹಳದಿ ಯಾಕೆ? ಒಂದೇ ಬಣ್ಣ ಅಂದರೆ ಪ್ರಿಂಟಿಂಗ್ ಖರ್ಚೂ ಕಮ್ಮಿ.

ಜಗಳ ಆಗಿದ್ದು ಎರಡು ಕಡೆ. ಮೊದಲನೆಯದನ್ನ ನೀವು ಆಗಲೇ ಊಹಿಸಿರ್ತೀರಿ. ‘ಬೆಂಗಳೂರಲ್ಲಿ ಬಾಟಲಿ ಮೇಲೆ ಇಷ್ಟು ದಪ್ಪಗೆ ಎಣ್ಣೆ ಅಂತ ಬರೆದ್ರೆ ಜನ ನಗಲ್ವಾ?’ ಅಂದಳು ಮಗಳು. ನಗಲಿ, ಕೈಗೆತ್ತಿಕೊಂಡು ತಾನೇ ನಗೋದು ಅಂದೆ. ಎರಡು ದಿನ ಉತ್ತರವಿಲ್ಲ. ಇನ್ನರ್ಧ ದುಡ್ಡು ಹೋಯಿತು ಅಂತ ಮನಸ್ಸಲ್ಲೇ ಬಾಡಿಗೆಯ ಲೆಕ್ಕ ಹಾಕಿಕೊಳ್ತಿದ್ದೆ. ಮೂರನೇ ದಿನ ತನ್ನ ಹಳೇ ಆಫೀಸಿನ ಗ್ರೂಪಿಗೆ ಡಿಸೈನ್ ಹಾಕಿ, ಅಲ್ಲಿ ಬಂದ ಜೋಕುಗಳ ಸ್ಕ್ರೀನ್‌ಶಾಟ್ ಕಳಿಸಿದಳು. ಕೆಳಗೆ, ‘14 ಬಾಟಲಿ ಆರ್ಡರ್ ಬಂತು. ಇದನ್ನೇ ಇಟ್ಕೊಳ್ಳೋಣ.’

ಎರಡನೆಯ ಜಗಳ ಅಪ್ಪ-ಮಗಳದ್ದು. ಲೇಬಲ್ಲಿನಲ್ಲಿ ಶೇಂಗಾ ಅನ್ನಬೇಕೋ ಕಡಲೆಕಾಯಿ ಅನ್ನಬೇಕೋ? ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೇ ಸೋಮವಾರ ನಡೆಯೋದು ಕಡಲೆಕಾಯಿ ಪರಿಷೆ, ಅಲ್ಲಿನ ಜನಕ್ಕೆ ಶೇಂಗಾ ಅಂದರೆ ಚಟ್ನಿಪುಡಿ ಅಂತ ಅವಳ ವಾದ. ‘ಕಡ್ಲೆ ಬೇರೆ, ಶೇಂಗಾ ಬೇರೆ’ ಅನ್ನೋದು ಯಜಮಾನರ ಒಂದೇ ಮಾತು. ನಾನು ಯಜಮಾನರ ಕಡೆ ನಿಂತೆ. ಬಾಟಲಿ ಎಲ್ಲಿಂದ ಬಂದಿದೆಯೋ ಆ ಊರಿನ ಮಾತೇ ಅದರ ಮೇಲಿರಲಿ. ಬೆಂಗಳೂರಿನವರಿಗೆ ಗೊತ್ತಾಗದಿದ್ದರೆ ಹಿಂದೆ ಕಾನೂನಿನ ಇಂಗ್ಲಿಷ್ ಹೇಗೂ ಇದೆ.

ಬಾಟಲಿಗಳು ಈಗ ಹೋಗ್ತಾ ಇವೆ, ಅಬ್ಬರವಾಗೇನಲ್ಲ. ಹೋದ ವಾರ ಯಜಮಾನರೇ ಫೋನ್ ಮಾಡಿದ್ದರು. ಊರಲ್ಲಿ ಮಾರೋ 15 ಕೆಜಿ ಟಿನ್ನಿಗೂ ಅದೇ ಅಕ್ಷರ ಬೇಕಂತೆ. ಟಿನ್ನಿಗೆ ಲೇಬಲ್ ಅಂಟಿಸಿದರೆ ಎಣ್ಣೆ ಜಿಡ್ಡಿಗೆ ನಿಲ್ಲೋಲ್ಲ, ತಗಡು ಕೊರೆದು ಅದರ ಮೇಲೆ ಬಣ್ಣ ಹೊಡೀಬೇಕು. ಎಣ್ಣೆಯ ಒತ್ತು ತಗಡಿನಲ್ಲಿ ಆರಾಮಾಗಿ ಕೂತಿತು. ತೊಂದರೆ ಕೊಡ್ತಿರೋದು ಶೇಂಗಾದ ಸೊನ್ನೆ. ಸುತ್ತ ಕೊರೆದರೆ ನಡುವಿನ ಬಿಲ್ಲೆ ಕಳಚಿ ಬಿದ್ದು ಸೊನ್ನೆ ಹೋಗಿ ಬೊಟ್ಟಾಗುತ್ತೆ. ಬೀಳದ ಹಾಗೆ ಎಲ್ಲಾದರೂ ಒಂದು ಸಣ್ಣ ಸೇತುವೆ ಬಿಡಬೇಕು, ಮೇಲೋ ಕೆಳಗೋ ಪಕ್ಕಕ್ಕೋ. ಆರ್ಟಿಸ್ಟಿಗೆ ಫೋನ್ ಹಚ್ಚಿದೆ. ‘ಎರಡು ಬಿಡ್ರಿ ಮೇಡಂ, ಓರೆಗೆ. ಒಂದೇ ಬಿಟ್ರೆ ತಗಡು ಅಲ್ಲಾಡುತ್ತೆ’ ಅಂದರು. ಓರೆಗೆ ಎರಡು ಬಿಟ್ಟು ಬರೆದು ಕಳಿಸಿದ್ದೀನಿ. ತಗಡು ನಾಳೆ ಕೊರೀತಾರೆ.