ಯಂತ್ರದ ಶ್ರುತಿ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ತತ್ವಪದಗಳ ಹಾಡಿಕೆ ರಾತ್ರಿಯಿಡೀ ನಡೆಯುವುದುಂಟು. ಏಕತಾರಿಯ ತಂತಿ ಒಂದೇ ಸ್ವರವನ್ನು ಬಿಡದೆ ನುಡಿಯುತ್ತಿರುತ್ತದೆ. ದಮ್ಮಡಿಯೂ ತಾಳವೂ ಅದರ ಜೊತೆಗೂಡುತ್ತವೆ. ಈಚೆಗೆ ಅದೇ ಊರುಗಳ ಜಾತ್ರೆಗಳಿಗೆ ಕೀಬೋರ್ಡೂ ರಿದಮ್ ಪ್ಯಾಡೂ ಬಂದಿವೆ. ಅವನ್ನು ಕೇಳಿದ ಹಿರಿಯರು, "ಸಪ್ಪಳ ಅದ, ಜೀವ ಇಲ್ಲ" ಎನ್ನುವರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಮುಂಬಯಿಯ ಒಂದು ಧ್ವನಿಮುದ್ರಿಕೆಯ ಕಥೆ ನೆರವಾಗುತ್ತದೆ.

ಚರಣ್‌ಜಿತ್ ಸಿಂಗ್ ಹಿಂದಿ ಚಲನಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಕಲಾವಿದರು. ಜಪಾನಿನ ರೋಲೆಂಡ್ ಸಂಸ್ಥೆಯ ಮೂರು ವಿದ್ಯುನ್ಮಾನ ಯಂತ್ರಗಳಿಂದ ಅವರು ಹತ್ತು ರಾಗಗಳನ್ನು ನುಡಿಸಿದರು. ಒಂದು ಯಂತ್ರ ತಾಳಕ್ಕೆ, ಒಂದು ಮಂದ್ರಸ್ವರಗಳಿಗೆ, ಇನ್ನೊಂದು ರಾಗಕ್ಕೆ. 1982ರಲ್ಲಿ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್' ಎಂಬ ಹೆಸರಿನಲ್ಲಿ ಆ ತಟ್ಟೆ ಹೊರಬಂದಿತು. ಲಲಿತ್, ಯಮನ್, ಮಾಲ್ಕೌಂಸ್ ಮೊದಲಾದ ರಾಗಗಳೆಲ್ಲ ಅದರಲ್ಲಿ ಡಿಸ್ಕೊ ಕುಣಿತದ ಲಯಕ್ಕೆ ಹೆಜ್ಜೆ ಹಾಕುತ್ತವೆ.

ಜನರು ಅದನ್ನು ಕೊಳ್ಳಲಿಲ್ಲ. ಕುಣಿಯುವವರಿಗೆ ಅದರಲ್ಲಿ ಹಾಡು ಸಿಗಲಿಲ್ಲ. ರಾಗವನ್ನು ಬಲ್ಲವರಿಗೆ ನಿಧಾನದ ಆಲಾಪವೇ ಇರಲಿಲ್ಲ. ತಟ್ಟೆ ಮರೆತುಹೋಯಿತು.

2010ರಲ್ಲಿ ನೆದರ್ಲೆಂಡ್ಸಿನ ಒಬ್ಬ ಸಂಗ್ರಾಹಕರು ಅದನ್ನು ಮತ್ತೆ ಪ್ರಕಟಿಸಿದಾಗ ಪಾಶ್ಚಾತ್ಯ ವಿಮರ್ಶಕರು ಬೆರಗಾದರು. ಷಿಕಾಗೊ ನಗರದ ತರುಣರು 1987ರಲ್ಲಿ ಲೋಕಕ್ಕೆ ಕೇಳಿಸಿದ 'ಆಸಿಡ್ ಹೌಸ್' ಎಂಬ ಸಂಗೀತವು ಐದು ವರ್ಷ ಮೊದಲೇ ಮುಂಬಯಿಯಲ್ಲಿ ಹುಟ್ಟಿತ್ತೆಂದು ಹೊಗಳಿದರು. ಇದು ಯಾರೋ ಈಚೆಗೆ ಮಾಡಿದ ಕೃತ್ರಿಮವೆಂದು ಶಂಕಿಸಿದವರೂ ಇದ್ದರು! ಈ ಹೊಗಳಿಕೆಯಲ್ಲಿಯೂ ಒಂದು ಕೊರತೆಯುಂಟು. ಯಾರು ಮೊದಲಿಗರೆಂಬುದು ಪಂಚಾಂಗದ ಮಾತು. ಅದು ಸಂಗೀತದ ಬೆಲೆಯನ್ನು ಹೇಳುವುದಿಲ್ಲ. ಚರಣ್‌ಜಿತ್ ಸಿಂಗರ ಮನಸ್ಸಿನಲ್ಲಿದ್ದುದು ಷಿಕಾಗೊ ಅಲ್ಲ, ರಾಗ.

ತತ್ವಪದ ಕೇಳಿ ಬೆಳೆದ ಕಿವಿಗೆ ಈ ತಟ್ಟೆ ಬೇರೆ ರೀತಿಯಲ್ಲಿ ಕೇಳಿಸೀತು. ಮಂದ್ರದ ಯಂತ್ರ ಕೆಲವೇ ಸ್ವರಗಳನ್ನು ಮತ್ತೆ ಮತ್ತೆ ಸುತ್ತಿಸುತ್ತದೆ. ರಾಗವು ಆ ಆಧಾರದ ಮೇಲೆ ನಿಂತು ಅರಳುತ್ತದೆ. ಏಕತಾರಿ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಒಂಟಿ ಗಿಟಾರ್ ವಾದಕನ ಜೊತೆಗೆಂದು ತಯಾರಾದ ಆ ಅಗ್ಗದ ಯಂತ್ರಕ್ಕೆ ಮತ್ತೊಂದು ಗುಣವಿತ್ತು: ಅದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲದು. ಹಿಂದುಸ್ತಾನಿ ಗಾಯಕರ ಮೀಂಡಿಗೆ ಅದು ದೂರದ ನೆಂಟ. ಇಂಥ ಕಡೆಗಳಲ್ಲಿ "ಜೀವ ಇಲ್ಲ" ಎಂಬ ತೀರ್ಪು ನಿಲ್ಲಲಾರದು.

ಎಲ್ಲ ಕಡೆಯೂ ಹೀಗೆಯೇ ಎನ್ನಲಾಗದು. ಲಲಿತದ ಎರಡು ಮಧ್ಯಮಗಳು ಒಂದರ ಪಕ್ಕದಲ್ಲೊಂದು ನಿಂತು ಮೂಡಿಸುವ ಬೆಳಗಿನ ಭಾವಕ್ಕೆ ಬಿಡುವು ಬೇಕು. ಓಡುವ ತಾಳ ಅದನ್ನು ಕೊಡುವುದಿಲ್ಲ. ಹಿರಿಯರ ಆಕ್ಷೇಪ ಇಲ್ಲಿ ನಿಜವಾಗುತ್ತದೆ. ಆದರೆ ಇದು ಯಂತ್ರದ ದೋಷವಲ್ಲ, ಅವಸರದ ದೋಷ; ಅವಸರದಲ್ಲಿ ನುಡಿಸಿದರೆ ಸಿತಾರಿನಲ್ಲಿಯೂ ಲಲಿತ ಕೆಡುತ್ತದೆ.

ಮರುಪ್ರಕಟಣೆಯ ತರುವಾಯ ಚರಣ್‌ಜಿತ್ ಸಿಂಗ್ ಇಳಿವಯಸ್ಸಿನಲ್ಲಿ ಯುರೋಪಿನ ವೇದಿಕೆಗಳನ್ನೇರಿ, ಮೊಮ್ಮಕ್ಕಳ ವಯಸ್ಸಿನ ಶ್ರೋತೃಗಳ ಮುಂದೆ ಅದೇ ರಾಗಗಳನ್ನು ನುಡಿಸಿದರು. 2015ರಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು.